ಹಿಮರೇಖೆಯ ಆಚೆಯ ಅತಿಥಿ

ಮಂಗಳೂರಿನ ಬಂದರಿನಲ್ಲಿ ವಾಸಿಸುವವರಿಗೆ ಮಂಜುಗಡ್ಡೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಬೆಳಕು ಹರಿಯುವ ಮೊದಲೇ ದಕ್ಕೆಗೆ ಹೋಗುವ ಲಾರಿಗಳಿಂದ ಸೋರಿದ ನೀರು ಬೀದಿಯುದ್ದಕ್ಕೂ ಗೆರೆಯೆಳೆಯುತ್ತ ಸಾಗುತ್ತದೆ. ಬೂತಾಯಿ, ಬಂಗುಡೆಗಳ ಬುಟ್ಟಿಗಳ ಮೇಲೆ ಪುಡಿಮಾಡಿದ ಮಂಜನ್ನು ಸುರಿಯುವಾಗ ಬಿಳಿಯ ಹೊಗೆಯೊಂದು ಮೆಲ್ಲನೆ ಏಳುತ್ತದೆ. ಬಹುಕಾಲ ನಾನು ಅದನ್ನು ಮಂಜುಗಡ್ಡೆಯ ಉಸಿರೆಂದೇ ತಿಳಿದಿದ್ದೆ. ಅದು ಹಾಗಲ್ಲವೆಂದೂ, ನಮ್ಮ ಕಡಲಗಾಳಿಯಲ್ಲಿ ಕಣ್ಣಿಗೆ ಕಾಣದೆ ತುಂಬಿಕೊಂಡಿರುವ ನೀರಾವಿಯೇ ತಂಪು ತಾಗಿ ಹನಿಗಟ್ಟಿ ಹಾಗೆ ತೋರುತ್ತದೆಂದೂ ಭೌತಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ತಿಳಿಸಿಕೊಟ್ಟರು. ಕಾಣದಿದ್ದುದು ಒಂದು ಗಡಿಯನ್ನು ದಾಟಿದಾಗ ಕಾಣಿಸಿಕೊಳ್ಳುತ್ತದೆ ಎಂಬ ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ನಿಂತಿತು.

ಅದು ಮತ್ತೆ ನೆನಪಾದದ್ದು ತರಗತಿಯಲ್ಲಿ. ಹಳಗನ್ನಡದ ಪಾಠದ ನಡುವೆ ಧೂಮಕೇತು ಎಂಬ ಶಬ್ದ ಬಂದಿತ್ತು. ಧೂಮವೇ ಕೇತುವಾಗಿ ಉಳ್ಳದ್ದು, ಎಂದರೆ ಹೊಗೆಯೇ ಬಾವುಟವಾದದ್ದು, ಎಂದು ವಿಗ್ರಹವಾಕ್ಯವನ್ನು ಹೇಳಿ ಮುಂದೆ ಹೋಗುವವನಿದ್ದೆ. ಆಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ಅದು ಯಾವುದರ ಹೊಗೆ ಎಂದು ಕೇಳಿದಳು. ಅರಸರಿಗೂ ರಾಜ್ಯಕ್ಕೂ ಕೇಡನ್ನು ಸೂಚಿಸುವ ಉತ್ಪಾತವೆಂದು ವ್ಯಾಖ್ಯಾನ ಮಾಡಬಲ್ಲ ನನಗೆ ಆ ಸರಳ ಪ್ರಶ್ನೆಗೆ ಉತ್ತರ ತಿಳಿಯದು. ಅದನ್ನು ಹುಡುಕುತ್ತ ಹೊರಟಾಗ ದೊರೆತದ್ದು ಒಬ್ಬ ಮನುಷ್ಯನ ಜೀವನಚರಿತ್ರೆ. ಆತ ವೈನು ಬಪ್ಪು: ತನ್ನ ಹೆಸರನ್ನು ಒಂದು ಧೂಮಕೇತುವಿನ ಮೇಲೆ ಬಿಟ್ಟುಹೋದ ಭಾರತೀಯ.

ಮನಾಲಿ ಕಲ್ಲಟ್ ವೈನು ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಮನೆತನ ನಮ್ಮ ಕರಾವಳಿಯ ತೆಂಕಣ ತುದಿಯಾದ ಮಲೆಯಾಳ ದೇಶದ್ದು, ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಅಲ್ಲಿಯ ನಿಜಾಮಿಯಾ ವೇಧಶಾಲೆಯಲ್ಲಿ ಉದ್ಯೋಗದಲ್ಲಿದ್ದರು. ಬೇರೆ ಮಕ್ಕಳಿಗೆ ಅಂಗಳ ಹೇಗೋ ಈ ಬಾಲಕನಿಗೆ ಆಕಾಶ ಹಾಗೆ. ಬೆಳಕು ಹೆಚ್ಚುತ್ತ ಕುಗ್ಗುತ್ತ ಇರುವ ನಕ್ಷತ್ರಗಳನ್ನು ರಾತ್ರಿಯಿಡೀ ಕಾದು ನೋಡಿ ಬರೆದಿಡುವ ತಾಳ್ಮೆ ವಿದ್ಯಾರ್ಥಿದೆಸೆಯಲ್ಲಿಯೇ ಅವನಿಗೆ ಕೈಗೂಡಿತ್ತು. ಮುಂದೆ ಹೈದರಾಬಾದು ಸರಕಾರದ ವಿದ್ಯಾರ್ಥಿವೇತನ ದೊರೆತು 1949ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದ.

ಅಲ್ಲಿಗೆ ಹೋಗಿ ಕೆಲವೇ ತಿಂಗಳು ಕಳೆದಿದ್ದುವು. ಜುಲೈ 2ರ ರಾತ್ರಿ ಆಕಾಶದ ಒಂದು ಭಾಗದ ಛಾಯಾಫಲಕವನ್ನು ತೆಗೆದು ಪರೀಕ್ಷಿಸುವಾಗ ಬಪ್ಪುವಿನ ಕಣ್ಣಿಗೆ ಪಟ್ಟಿಯಲ್ಲಿಲ್ಲದ ಮಸುಕಾದೊಂದು ಮಚ್ಚೆ ಬಿತ್ತು. ಗುರುಗಳಾದ ಬಾರ್ಟ್ ಬಾಕ್ ಮತ್ತು ಸಹಪಾಠಿ ಗೋರ್ಡನ್ ನ್ಯೂಕರ್ಕ್ ಜೊತೆಗೂಡಿ ಅದನ್ನು ದೃಢಪಡಿಸಿದರು. ಅದು ಹೊಸ ಧೂಮಕೇತು. ಬಪ್ಪು-ಬಾಕ್-ನ್ಯೂಕರ್ಕ್ ಎಂದು ಅದಕ್ಕೆ ಹೆಸರಾಯಿತು. ಅದರ ದಾರಿಯನ್ನು ಲೆಕ್ಕಹಾಕಿದಾಗ ಅದು ಮರಳಿ ಬರುವುದು ಸುಮಾರು 60,000 ವರ್ಷಗಳ ಅನಂತರ ಎಂದು ತಿಳಿದುಬಂತು. ಶಾಂತಸಾಗರ ಖಗೋಳ ಸಂಘವು ಡೊನೊಹೊ ಪದಕವನ್ನಿತ್ತು ಗೌರವಿಸಿತು. ಇಪ್ಪತ್ತೆರಡನೆಯ ವಯಸ್ಸೂ ತುಂಬದ ತರುಣನಿಗೆ ಇದು ಸಣ್ಣ ಭಾಗ್ಯವಲ್ಲ.

ಆದರೆ ತಾನು ಕಂಡದ್ದು ಏನೆಂಬುದು ಆ ದಿನ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ ಎಂಬುದು ನನ್ನನ್ನು ಬೆರಗುಗೊಳಿಸಿದ ಸಂಗತಿ. ಧೂಮಕೇತುವೆಂದರೆ ಸಡಿಲವಾಗಿ ಒಟ್ಟಾಗಿ ಹಾರುವ ಮರಳುಕಣಗಳ ಗುಂಪು ಎಂಬುದು ಅನೇಕರ ಅಭಿಪ್ರಾಯವಾಗಿತ್ತು. ಮರುವರ್ಷ, 1950ರಲ್ಲಿ, ಅದೇ ಹಾರ್ವರ್ಡಿನ ಫ್ರೆಡ್ ವಿಪ್ಪಲ್ ಎಂಬ ವಿಜ್ಞಾನಿ ಬೇರೊಂದು ವಿಚಾರವನ್ನು ಮುಂದಿಟ್ಟರು. ಧೂಮಕೇತುವಿನ ಒಡಲು ಧೂಳು ಬೆರೆತ ಮಂಜುಗಡ್ಡೆಯ ಒಂದು ಉಂಡೆ. ಸೂರ್ಯನ ಬಳಿಗೆ ಬಂದಂತೆ ಆ ಮಂಜು ಆವಿಯಾಗಿ ಚಿಮ್ಮುತ್ತದೆ. ಚಿಮ್ಮುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇದು. ನಮ್ಮ ಹಿರಿಯರು ಹೊಗೆಯೆಂದು ಕರೆದದ್ದು ಬೆಂಕಿಯ ಹೊಗೆಯಾಗಿರಲಿಲ್ಲ, ಹಿಮದ ಆವಿಯೂ ಧೂಳೂ ಆಗಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ದಕ್ಕೆಯ ಮಂಜುಗಡ್ಡೆ ಮೊದಲು ನೀರಾಗಿ ಬಳಿಕ ಆವಿಯಾಗುತ್ತದೆ. ಆಕಾಶದ ಶೂನ್ಯದಲ್ಲಿ ನೀರಿಗೆ ದ್ರವವಾಗಿ ನಿಲ್ಲುವಷ್ಟು ಒತ್ತಡವಿಲ್ಲ. ಪೂಜೆಯ ತಟ್ಟೆಯಲ್ಲಿ ಹಚ್ಚದೆ ಬಿಟ್ಟ ಕರ್ಪೂರ ಒದ್ದೆಯ ಗುರುತೂ ಇಲ್ಲದೆ ಸವೆದುಹೋಗುವಂತೆ, ಅಲ್ಲಿ ಮಂಜು ನೇರವಾಗಿ ಆವಿಯಾಗುತ್ತದೆ. ಆವಿ ನೇರವಾಗಿ ಮಂಜಾಗುತ್ತದೆ. ಸುಮಾರು 460 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತ ಅನಿಲ ಮತ್ತು ಧೂಳಿನ ಬಟ್ಟಲೊಂದು ತಿರುಗುತ್ತಿದ್ದಾಗ ಈ ಎರಡು ಸ್ಥಿತಿಗಳ ನಡುವೆ ಒಂದು ಗಡಿಯಿತ್ತು. ವಿಜ್ಞಾನಿಗಳು ಅದನ್ನು ಹಿಮರೇಖೆ ಎನ್ನುತ್ತಾರೆ. ಸೊನ್ನೆಗಿಂತ 100 ಡಿಗ್ರಿಗೂ ಮಿಕ್ಕಿ ಕೆಳಗಿನ ಶೈತ್ಯದಲ್ಲಿ, ಸೂರ್ಯನಿಗೂ ಭೂಮಿಗೂ ಇರುವ ಅಂತರದ ಸುಮಾರು ಮೂರು ಪಟ್ಟು ದೂರದಲ್ಲಿ, ಇಂದು ಮಂಗಳ ಮತ್ತು ಗುರು ಗ್ರಹಗಳ ನಡುವೆ ಇರುವ ಸ್ಥಳದಲ್ಲಿ, ಆ ಗಡಿ ಹಾದುಹೋಗಿತ್ತೆಂದು ಲೆಕ್ಕ. ಈಚೆಗೆ ಕಲ್ಲು ಮತ್ತು ಲೋಹ ಮಾತ್ರ ಗಟ್ಟಿಯಾಗಿ ಉಳಿದುವು. ಭೂಮಿ ಹುಟ್ಟಿದ್ದು ಈ ಒಣಸೀಮೆಯಲ್ಲಿ. ಆಚೆಗೆ ಮಂಜೂ ಸೇರಿ ಕಟ್ಟಡದ ಸಾಮಗ್ರಿ ಬಹಳ ಹೆಚ್ಚಾಯಿತು. ಗುರುವಿನಂಥ ದೈತ್ಯ ಗ್ರಹ ಬೆಳೆದದ್ದು ಅಲ್ಲಿ.

ಈ ರೇಖೆಯ ನಡತೆಯನ್ನು ತಿಳಿಯಲು ನಮ್ಮ ಅಳಿವೆಬಾಗಿಲನ್ನು ನೆನೆದರೆ ಸಾಕು. ಗುರುಪುರ ಹೊಳೆಯೂ ನೇತ್ರಾವತಿಯೂ ಕೂಡಿ ಕಡಲನ್ನು ಸೇರುವೆಡೆಯಲ್ಲಿ ಹೊಳೆ ತಂದ ಮರಳು ಕಡಲ ಇದಿರೊತ್ತಿಗೆ ಸಿಕ್ಕಿ ದಿಣ್ಣೆಯಾಗುತ್ತದೆ. ದೋಣಿಯವರಿಗೆ ಅದರ ಕಷ್ಟ ಗೊತ್ತು. ಹಿಮರೇಖೆಯಲ್ಲಿಯೂ ಅಂಥದೇ ಒಂದು ವ್ಯಾಪಾರ ನಡೆಯುತ್ತದೆ. ಮಂಜು ಮೆತ್ತಿದ ಹರಳುಗಳು ಅನಿಲದ ತಡೆಯಿಂದ ವೇಗಗುಂದಿ ಒಳಮುಖವಾಗಿ ಜಾರುತ್ತವೆ. ರೇಖೆಯನ್ನು ದಾಟಿದೊಡನೆ ಮಂಜು ಆವಿಯಾಗುತ್ತದೆ. ಆ ಆವಿಯ ಒಂದು ಪಾಲು ಮರಳಿ ಆಚೆಗೆ ಹರಡಿ, ಅಲ್ಲಿಯ ಹರಳುಗಳ ಮೇಲೆ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಗಡಿಯ ಹೊರಮಗ್ಗುಲಲ್ಲಿ ಗಟ್ಟಿ ಪದಾರ್ಥದ ದಿಣ್ಣೆಯೇಳುತ್ತದೆ. ಗ್ರಹಗಳ ಬೀಜ ಅಲ್ಲಿ ಸುಲಭವಾಗಿ ಮೊಳೆಯಬಹುದೆಂದು ಅನೇಕರ ಊಹೆ. ಅಳಿವೆಯಂತೆ ಈ ಗಡಿಯೂ ಸ್ಥಿರವಲ್ಲ. ಬಟ್ಟಲು ತಣಿದಂತೆ ಅದು ನಕ್ಷತ್ರದ ಕಡೆಗೆ ಸರಿಯುತ್ತದೆ. ನಕ್ಷತ್ರ ಒಮ್ಮೆಲೆ ಉರಿದೆದ್ದರೆ ದೂರಕ್ಕೆ ಓಡುತ್ತದೆ. ಮಹಾವ್ಯಾಧ ಮಂಡಲದ ವಿ 883 ಎಂಬ ಎಳೆಯ ನಕ್ಷತ್ರ ಹಾಗೆ ಉರಿದೆದ್ದಾಗ, ಅದರ ಹಿಮರೇಖೆ ಭೂಮಿ-ಸೂರ್ಯರ ಅಂತರದ ಸುಮಾರು 40 ಪಟ್ಟು ದೂರಕ್ಕೆ ಸರಿದಿದ್ದ ಗುರುತನ್ನು ಚಿಲಿ ದೇಶದ ಆಲ್ಮಾ ದೂರದರ್ಶಕಗಳು ಹಿಡಿದುವು. ಇದು ಪ್ರಕಟವಾದದ್ದು 2016ರಲ್ಲಿ.

ಬಪ್ಪು ಇದನ್ನೆಲ್ಲ ಕಾಣಲಿಲ್ಲ. ಆದರೆ ಅವರ ಧೂಮಕೇತು ಆ ಗಡಿಯಾಚೆಯ ನಾಡಿನ ಪ್ರಜೆ. ಅಲ್ಲಿ ಹುಟ್ಟಿ, ದೈತ್ಯ ಗ್ರಹಗಳ ಸೆಳೆತಕ್ಕೆ ಸಿಕ್ಕಿ ಬಹುದೂರಕ್ಕೆ ಎಸೆಯಲ್ಪಟ್ಟು, ಯುಗಯುಗಾಂತರ ಕತ್ತಲೆಯಲ್ಲಿದ್ದು, 1949ರಲ್ಲಿ ಸೂರ್ಯನೆಡೆಗೆ ಬಂದ ಅತಿಥಿ. ದೂರದಲ್ಲಿರುವಷ್ಟು ಕಾಲ ಅದರ ಒಡಲು ಅಖಂಡ. ಆದರೆ ಯಾರಿಗೂ ಕಾಣದು. ಕಾಣಿಸಿಕೊಳ್ಳಬೇಕಾದರೆ ಅದು ಸವೆಯಲೇಬೇಕು.

ಆ ತರುಣ ಮುಂದೆ ಬಾಳಿದ ರೀತಿಯನ್ನು ನೋಡಿದರೆ ಈ ಮಾತು ಅವರಿಗೂ ಸಲ್ಲುತ್ತದೆಂದು ನನಗೆ ತೋರುತ್ತದೆ. 1952ರಲ್ಲಿ ಡಾಕ್ಟರೇಟು ಪಡೆದು ಪಾಲೊಮಾರ್ ಬೆಟ್ಟದ ಮಹಾದೂರದರ್ಶಕದ ಬಳಿ ಕೆಲಸಮಾಡುವ ಅವಕಾಶ ಅವರಿಗೆ ಸಿಕ್ಕಿತು. ಓಲಿನ್ ವಿಲ್ಸನ್ನರೊಡನೆ ಕೂಡಿ ಅವರು ಕಂಡ ನಿಯಮ 1957ರಲ್ಲಿ ಪ್ರಕಟವಾಯಿತು. ತಂಪು ನಕ್ಷತ್ರಗಳ ಬೆಳಕಿನಲ್ಲಿರುವ ಸುಣ್ಣಧಾತುವಿನ ಒಂದು ರೇಖೆಯ ಅಗಲವನ್ನಳೆದು ನಕ್ಷತ್ರದ ನಿಜವಾದ ಪ್ರಕಾಶವನ್ನೂ, ಅದರಿಂದ ದೂರವನ್ನೂ ತಿಳಿಯಬಹುದೆಂಬ ಈ ನಿಯಮ ಇಂದಿಗೂ ವಿಲ್ಸನ್-ಬಪ್ಪು ಪರಿಣಾಮ ಎಂದೇ ಪ್ರಸಿದ್ಧ. ಅಲ್ಲಿಯೇ ಉಳಿದಿದ್ದರೆ ಉಪಕರಣಗಳಿಗೂ ಕೀರ್ತಿಗೂ ಕೊರತೆಯಿರಲಿಲ್ಲ. ಅವರು 1953ರಲ್ಲಿ ಸ್ವದೇಶಕ್ಕೆ ಮರಳಿದರು.

ಮರಳಿದವರಿಗೆ ಸಿಕ್ಕಿದ್ದು ಕಟ್ಟುವ ಕೆಲಸ. ಉತ್ತರಪ್ರದೇಶದ ಹೊಸ ವೇಧಶಾಲೆಯನ್ನು ಕಾಶಿಯಿಂದ ನೈನಿತಾಲಿನ ಬೆಟ್ಟಕ್ಕೊಯ್ದು ನೆಲೆಗೊಳಿಸಿದರು. 1960ರಲ್ಲಿ ಕೊಡೈಕನಾಲಿನ ಹಳೆಯ ವೇಧಶಾಲೆಯ ನಿರ್ದೇಶಕರಾದರು. ಅಲ್ಲಿಯ ಆಕಾಶ ರಾತ್ರಿಯ ಕೆಲಸಕ್ಕೆ ಸಾಲದೆಂದು ಕಂಡು ದಕ್ಷಿಣದಲ್ಲೆಲ್ಲ ಸ್ಥಳ ಹುಡುಕಿ, ಜವ್ವಾದಿ ಬೆಟ್ಟಗಳ ಕಾವಲೂರು ಎಂಬ ಕಾಡಿನ ಹಳ್ಳಿಯನ್ನು ಆರಿಸಿಕೊಂಡರು. ಅದು ನಮ್ಮ ಮಂಗಳೂರಿನ ಅಕ್ಷಾಂಶಕ್ಕಿಂತ ಅಲ್ಪವೇ ತೆಂಕಣಕ್ಕಿದೆ. ಬಂದರಿನ ನೆತ್ತಿಯ ಮೇಲೆ ಹಾಯುವ ನಕ್ಷತ್ರಗಳೇ ಅಲ್ಲಿಯ ನೆತ್ತಿಯ ಮೇಲೂ ಹಾಯುತ್ತವೆ. ಕೊಡೈಕನಾಲಿನ ಕಾರ್ಯಾಗಾರದಲ್ಲಿಯೇ ರೂಪಿಸಿದ 15 ಅಂಗುಲದ ದೂರದರ್ಶಕದಿಂದ 1968ರಲ್ಲಿ ಕಾವಲೂರಿನ ಕೆಲಸ ಆರಂಭವಾಯಿತು. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂತು. ಭಾರತೀಯ ಖಭೌತ ಸಂಸ್ಥೆ 1971ರಲ್ಲಿ ಸ್ವಾಯತ್ತವಾಗಿ, 1975ರಲ್ಲಿ ಬೆಂಗಳೂರನ್ನು ತನ್ನ ಕೇಂದ್ರವಾಗಿ ಮಾಡಿಕೊಂಡಿತು. ಹೀಗೆ ಬಪ್ಪು ನಮ್ಮ ನಾಡಿನವರೂ ಆದರು.

ವಿಧಿಯ ವಿಲಾಸವೆಂದರೆ, ಕಾವಲೂರಿಗೆ ಮೊದಲು ಹೆಸರು ತಂದುದೂ ಹಿಮರೇಖೆಯಾಚೆಯ ಲೋಕವೇ. ಗುರುಗ್ರಹದ ಅತಿ ದೊಡ್ಡ ಉಪಗ್ರಹ ಗ್ಯಾನಿಮೀಡ್. ಅದರ ಒಡಲಿನ ಅರ್ಧದಷ್ಟು ಭಾಗ ಮಂಜು. 1972ರ ಜೂನ್ 7ರಂದು ಅದು ಒಂದು ನಕ್ಷತ್ರವನ್ನು ಮರೆಮಾಡಿದಾಗ ಕಾವಲೂರಿನಲ್ಲಿಯೂ ಜಾವಾದ ಲೆಂಬಾಂಗಿನಲ್ಲಿಯೂ ಅಳತೆ ತೆಗೆದು, ಅದಕ್ಕೆ ತೆಳುವಾದ ವಾಯುಮಂಡಲವಿದೆಯೆಂದು ಸಾರಿದರು. ವಾಯೇಜರ್ ನೌಕೆ 1979ರಲ್ಲಿ ಹತ್ತಿರ ಹೋಗಿ ನೋಡಿದಾಗ ಅಂದು ಊಹಿಸಿದಷ್ಟು ವಾಯು ಅಲ್ಲಿಲ್ಲವೆಂದು ತಿಳಿಯಿತು. ಆದರೆ ಪ್ರಶ್ನೆ ಸಾಯಲಿಲ್ಲ. ಹಬಲ್ ದೂರದರ್ಶಕದ ದಾಖಲೆಗಳಿಂದ 2021ರಲ್ಲಿ ತಿಳಿದುಬಂದುದೇನೆಂದರೆ, ಗ್ಯಾನಿಮೀಡಿನ ಮೇಲೆ ನಡುಹಗಲಿನ ಬಿಸಿಲಿಗೆ ಮಂಜು ನೇರವಾಗಿ ಆವಿಯಾಗಿ ಮೇಲೇಳುತ್ತದೆ. ವಾಯುಮಂಡಲವುಂಟು, ಬಲು ತೆಳುವಾದದ್ದು. ಮಂಜೇ ಪ್ರಧಾನವಾದ ಯುರೇನಸ್ ಗ್ರಹದ ಸುತ್ತ ಉಂಗುರಗಳಿವೆಯೆಂದು 1977ರ ಮಾರ್ಚ್ 10ರಂದು ಲೋಕಕ್ಕೆ ತಿಳಿದಾಗಲೂ ಅವುಗಳ ಸುಳಿವು ಕಾವಲೂರಿನ ದೂರದರ್ಶಕಕ್ಕೆ ದಕ್ಕಿತ್ತು.

ಬಪ್ಪು ಅವರ ಕೊನೆಯ ಹಂಬಲ 93 ಅಂಗುಲದ ಒಂದು ಮಹಾದೂರದರ್ಶಕ. ಅದನ್ನು ಕೊಂಡು ತರುವ ಬದಲು ನಮ್ಮವರೇ ಕಟ್ಟಬೇಕೆಂದು ಅವರು ಹಟ ಹಿಡಿದರು. ಅದರ ಕನ್ನಡಿಯನ್ನು ಬೆಂಗಳೂರಿನಲ್ಲಿಯೇ ಉಜ್ಜಿ ಹೊಳಪುಗೊಳಿಸಿದರು. ಕೊಂಡು ತಂದಿದ್ದರೆ ಬೇಗ ಕೈಗೆ ಬರುತ್ತಿತ್ತು. ಆದರೆ ಕಟ್ಟುವ ಕೈಗಳು ಹುಟ್ಟುತ್ತಿರಲಿಲ್ಲ. ಅದಕ್ಕೆ ತೆತ್ತ ಬೆಲೆ ಅವರದೇ ಆಯುಷ್ಯದ ವರ್ಷಗಳು. ಸ್ವಂತ ಸಂಶೋಧನೆಗೆ ಸಲ್ಲಬಹುದಾಗಿದ್ದ ಎಷ್ಟೋ ಇರುಳುಗಳು ಕಡತಗಳಿಗೂ ಕಾರ್ಯಾಗಾರಗಳಿಗೂ ಸಂದುವು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1981ರಲ್ಲಿ ಪದ್ಮಭೂಷಣ ಬಂತು. ಹೃದಯದ ಶಸ್ತ್ರಚಿಕಿತ್ಸೆಗೊಳಗಾಗಿ, 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅವರು ತೀರಿಕೊಂಡಾಗ ವಯಸ್ಸು ಐವತ್ತೈದು. ದೂರದರ್ಶಕ ಇನ್ನೂ ಪೂರ್ಣವಾಗಿರಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವಗಾಂಧಿಯವರು ಅದಕ್ಕೂ ಆ ವೇಧಶಾಲೆಗೂ ವೈನು ಬಪ್ಪು ಅವರ ಹೆಸರನ್ನಿಟ್ಟರು. ತಾನು ಕಟ್ಟಿದ ಕಣ್ಣಿನಿಂದ ಒಮ್ಮೆಯಾದರೂ ನೋಡುವ ಭಾಗ್ಯ ಕಟ್ಟಿದವನಿಗಿರಲಿಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗಿಗೆ ಉತ್ತರ ಹೇಳಿದೆ. ಅವಳು ಇನ್ನೊಂದು ಪ್ರಶ್ನೆ ಕೇಳಿದಳು: ಭೂಮಿ ಒಣಸೀಮೆಯಲ್ಲಿ ಹುಟ್ಟಿದ್ದರೆ ಈ ಕಡಲು ಎಲ್ಲಿಂದ ಬಂತು? ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಧೂಮಕೇತುಗಳು ತಂದ ಪಾಲು ಅಲ್ಪವಿರಬೇಕೆಂದೂ, ಗಡಿಯಾಚೆ ಹುಟ್ಟಿ ಒಡಲಲ್ಲಿ ನೀರನ್ನು ಹಿಡಿದಿಟ್ಟುಕೊಂಡಿದ್ದ ಕಪ್ಪು ಕಲ್ಲುಗಳು ಹೆಚ್ಚಿನದನ್ನು ತಂದಿರಬಹುದೆಂದೂ ಹಲವರು ಹೇಳುತ್ತಾರೆ. ಭೂಮಿಯ ಮೂಲ ಶಿಲೆಗಳಲ್ಲಿಯೇ ಒಂದಿಷ್ಟು ನೀರಿತ್ತೆನ್ನುವವರೂ ಉಂಟು.

ಅಂದು ಸಂಜೆ ದಕ್ಕೆಯ ಬಳಿ ನಿಂತಿದ್ದೆ. ಬೆಂಗ್ರೆಗೆ ಹೋಗುವ ದೋಣಿ ಹೊಳೆಯನ್ನು ದಾಟುತ್ತಿತ್ತು. ಯಾರೋ ಬುಟ್ಟಿಗೆ ಮಂಜು ಸುರಿದರು. ಬಿಳಿಯ ಹೊಗೆ ಎದ್ದು ಕ್ಷಣಮಾತ್ರ ನಿಂತು ಮಾಯವಾಯಿತು. ಬಪ್ಪು ಕಂಡ ಅತಿಥಿ ಈಗ ಆ ಗಡಿಯನ್ನು ಎಂದೋ ದಾಟಿ ಹಿಂದಿರುಗಿದೆ. ಮರಳಿ ಬಂದಾಗ ಅದನ್ನು ನೋಡುವವರಿಗೆ ಕನ್ನಡವಾಗಲಿ, ನಮ್ಮ ಈ ಬಂದರಾಗಲಿ ತಿಳಿದಿರುವುದೋ ಇಲ್ಲವೋ. ನೋಡುವ ಕಣ್ಣನ್ನು ಮಾತ್ರ ಆಯಾ ಕಾಲದವರು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ.