ಕ್ಯಾಥರೀನ್ ಬೂತ್ ಅಮ್ಮನವರ ಚರಿತ್ರೆ

ಸ್ತ್ರೀಯರು ಸಭೆಯಲ್ಲಿ ಉಪದೇಶಮಾಡಬಹುದೋ ಬಾರದೋ ಎಂಬ ಪ್ರಶ್ನೆಯು ಕ್ರೈಸ್ತಸಭೆಗಳಲ್ಲಿ ಬಹುಕಾಲದಿಂದ ಏಳುತ್ತಾ ಬಂದದೆ. ಕೆಲವರು ಪೌಲನ ಒಂದು ವಾಕ್ಯವನ್ನು ತೋರಿಸಿ ಅಲ್ಲಿಗೇ ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಬೇರೆ ಕೆಲವರು ಆ ವಾಕ್ಯವೇ ಇಲ್ಲವೆಂಬಂತೆ ನಡೆಯುತ್ತಾರೆ. ಈ ಎರಡು ದಾರಿಗಳನ್ನೂ ಬಿಟ್ಟು, ದೇವರ ವಾಕ್ಯದಲ್ಲೇ ಉತ್ತರವನ್ನು ಹುಡುಕಿದ ಒಬ್ಬ ತಾಯಿಯ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಕ್ಯಾಥರೀನಮ್ಮನವರು 1829ನೆಯ ಇಸವಿ ಜನವರಿ 17ರಂದು ಇಂಗ್ಲೆಂಡ್ ದೇಶದ ಆಶ್‌ಬರ್ನ್ ಎಂಬ ಊರಲ್ಲಿ ಹುಟ್ಟಿದರು. ತಂದೆ ಜಾನ್ ಮಮ್‌ಫರ್ಡ್ ಕುದುರೆಗಾಡಿಗಳನ್ನು ಮಾಡುವ ಕಸುಬಿನವರು. ಭಕ್ತಿವಂತೆಯಾದ ತಾಯಿಯು ಮಗಳಿಗೆ ಮನೆಯಲ್ಲೇ ಓದುಬರಹವನ್ನು ಕಲಿಸಿದರು. ಹನ್ನೆರಡು ವರುಷ ತುಂಬುವುದರೊಳಗೆ ಈ ಹುಡುಗಿಯು ಸತ್ಯವೇದವನ್ನು ಆದಿಯಿಂದ ಅಂತ್ಯದವರೆಗೆ ಎಂಟು ಸಾರಿ ಓದಿದ್ದಳೆಂದು ಆಕೆಯ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಶಾಲೆಗೆ ಹೋದದ್ದು ಸುಮಾರು ಎರಡು ವರುಷ ಮಾತ್ರ. ಬೆನ್ನೆಲುಬಿನ ರೋಗದಿಂದ ತಿಂಗಳುಗಟ್ಟಲೆ ಮಲಗಿರಬೇಕಾಯಿತು. ಆ ಹಾಸಿಗೆಯೇ ಆಕೆಗೆ ಪಾಠಶಾಲೆಯಾಯಿತು. ಸಭಾಚರಿತ್ರೆಯನ್ನೂ ವೆಸ್ಲಿ ಮುಂತಾದ ದೈವಭಕ್ತರ ಪುಸ್ತಕಗಳನ್ನೂ ಅಲ್ಲಿಯೇ ಓದಿದಳು.

1855ರ ಜೂನ್ 16ರಂದು ಆಕೆಗೆ ವಿಲಿಯಂ ಬೂತ್ ಎಂಬ ಮೆಥೊಡಿಸ್ಟ್ ಉಪದೇಶಕರೊಡನೆ ವಿವಾಹವಾಯಿತು. ಸ್ತ್ರೀಯು ಉಪದೇಶಿಸುವುದನ್ನು ತಾವು ತಡೆಯುವುದಿಲ್ಲವಾದರೂ ಅದಕ್ಕೆ ಉತ್ತೇಜನ ಕೊಡಲಾರೆವೆಂಬುದು ಆಗ ಬೂತ್ ಅಯ್ಯನವರ ಅಭಿಪ್ರಾಯವಾಗಿತ್ತು. ಕ್ಯಾಥರೀನಮ್ಮನವರಾದರೋ ವಿವಾಹಕ್ಕೆ ಮುಂಚೆಯೇ ಅವರಿಗೆ ಈ ವಿಷಯವಾಗಿ ದೀರ್ಘವಾದ ಪತ್ರವನ್ನು ಬರೆದು, ಸತ್ಯವೇದವು ಸ್ತ್ರೀಯರ ಬಾಯನ್ನು ಕಟ್ಟುವುದಿಲ್ಲವೆಂದು ವಿನಯದಿಂದಲೂ ದೃಢವಾಗಿಯೂ ತಿಳಿಸಿದ್ದರು. 1858ರಲ್ಲಿ ಬೂತ್ ಅಯ್ಯನವರು ಉತ್ತರ ಇಂಗ್ಲೆಂಡಿನ ಗೇಟ್ಸ್‌ಹೆಡ್ ಪಟ್ಟಣದ ಬೆಥೆಸ್ದ ದೇವಾಲಯಕ್ಕೆ ಉಪದೇಶಕರಾಗಿ ಬಂದರು.

ಮರುವರುಷ ಅಮೇರಿಕ ದೇಶದಿಂದ ಫೀಬೀ ಪಾಮರ್ ಎಂಬಾಕೆಯು ತನ್ನ ಗಂಡನೊಡನೆ ಆ ಸೀಮೆಗೆ ಬಂದು ಕೂಟಗಳಲ್ಲಿ ಮಾತಾಡಲು, ಅನೇಕರ ಮನಸ್ಸು ಕರಗಿತು. ಆದರೆ ಸಂಡರ್‌ಲೆಂಡ್ ಪಟ್ಟಣದ ರೀಸ್ ಎಂಬ ಉಪದೇಶಕರು ಇದನ್ನು ಆಕ್ಷೇಪಿಸಿ, ಸ್ತ್ರೀಯು ಸಭೆಯಲ್ಲಿ ಬೋಧಿಸುವುದು ವೇದವಿರುದ್ಧವೆಂದು ಅಚ್ಚುಹಾಕಿಸಿದರು. ಕ್ಯಾಥರೀನಮ್ಮನವರು ಆಗ ನಾಲ್ಕನೆಯ ಮಗುವಿನ ಗರ್ಭಿಣಿಯಾಗಿದ್ದರೂ ಸುಮ್ಮನಿರಲಾರದೆ, ಆ ವರುಷದ ಡಿಸೆಂಬರಿನಲ್ಲಿ ಉತ್ತರವಾಗಿ ಒಂದು ಚಿಕ್ಕ ಪುಸ್ತಕವನ್ನು ಬರೆದು ಪ್ರಕಟಿಸಿದರು.

ಆ ಪುಸ್ತಕದ ಸಾರವನ್ನು ಇಲ್ಲಿ ಹೇಳುತ್ತೇವೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಸ್ತ್ರೀಯರು ಮೌನವಾಗಿರಬೇಕೆಂಬ ಆಜ್ಞೆಯುಂಟು, ನಿಜ. ಆದರೆ ಅದೇ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ, ಸ್ತ್ರೀಯು ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ತಲೆಯ ಮೇಲೆ ಮುಸುಕಿರಬೇಕೆಂದು ಅಪೊಸ್ತಲನು ಕ್ರಮಪಡಿಸುತ್ತಾನೆ. ಬಾಯಿ ತೆರೆಯಲೇಬಾರದೆಂದಿದ್ದರೆ, ಬಾಯಿ ತೆರೆಯುವಾಗ ಮುಸುಕು ಹೇಗಿರಬೇಕೆಂದು ಯಾಕೆ ಹೇಳುವನು? ಪ್ರವಾದಿಸುವವನು ಸಭೆಗೆ ಭಕ್ತಿವೃದ್ಧಿಯನ್ನೂ ಧೈರ್ಯವನ್ನೂ ಸಮಾಧಾನವನ್ನೂ ಉಂಟುಮಾಡುತ್ತಾನೆಂದು ಪೌಲನೇ ವಿವರಿಸಿದ್ದಾನೆ. ಹೀಗಿರಲಾಗಿ ಅಲ್ಲಿ ನಿಷೇಧಿಸಿದ್ದು ಆತ್ಮಪ್ರೇರಿತವಾದ ಬೋಧನೆಯನ್ನಲ್ಲ. ಕೂಟದ ನಡುವೆ ಪ್ರಶ್ನೆಗಳನ್ನೆತ್ತಿ ಗದ್ದಲಮಾಡುವುದನ್ನೇ. ಆದದರಿಂದಲೇ, ತಿಳಿಯಬೇಕಾದದ್ದನ್ನು ಮನೆಯಲ್ಲಿ ಗಂಡಂದಿರನ್ನು ಕೇಳಲಿ ಎಂಬ ಮಾತು ಅದರ ಬೆನ್ನಿಗೇ ಬಂದದೆ. ಅಲ್ಲಿರುವ ಗ್ರೀಕ್ ಶಬ್ದಕ್ಕೆ ಹರಟುವುದೆಂಬ ಅರ್ಥವುಂಟೆಂದೂ ಆಕೆಯು ವಾದಿಸಿದರು. ಈ ಒಂದು ವಾದವು ಬಲವಾದದ್ದಲ್ಲ. ಯಾಕಂದರೆ ಅದೇ ಶಬ್ದವು ಅದೇ ಅಧ್ಯಾಯದಲ್ಲಿ ಸಾಮಾನ್ಯವಾಗಿ ಮಾತಾಡುವುದಕ್ಕೂ ಬಂದದೆ. ಆದರೂ ಎರಡು ಅಧ್ಯಾಯಗಳನ್ನು ಕೂಡಿಸಿ ಓದಬೇಕೆಂಬ ಆಕೆಯ ಮುಖ್ಯವಾದವು ನಿಲ್ಲುತ್ತದೆ.

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ವಾಕ್ಯವನ್ನೂ ಆಕೆಯು ಮರೆಮಾಡಲಿಲ್ಲ. ಅಲ್ಲಿ ಉಪದೇಶವೂ ಪುರುಷನ ಮೇಲೆ ಅಧಿಕಾರ ನಡಿಸುವುದೂ ಒಟ್ಟಿಗೆ ಹೇಳಲ್ಪಟ್ಟಿರುವುದರಿಂದ, ಅಹಂಕಾರದಿಂದ ದೊರೆತನಮಾಡುವ ಬೋಧನೆಯೇ ನಿಷಿದ್ಧವೆಂದು ತಿಳುಕೊಂಡರು. ವಾಚಕರು ಇದನ್ನೂ ಗಮನಿಸಬೇಕು: ತಿಮೊಥೆಯನು ಆಗ ಎಫೆಸದಲ್ಲಿದ್ದನು, ಅದೇ ಎಫೆಸದಲ್ಲಿ ಪ್ರಿಸ್ಕಿಲ್ಲಳು ಗಂಡನಾದ ಅಕ್ವಿಲನೊಂದಿಗೆ, ವಾಕ್ಚಾತುರ್ಯವುಳ್ಳ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದ್ದಳು. ಇದಲ್ಲದೆ ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳು ಪ್ರವಾದಿಸುತ್ತಿದ್ದರು. ಫೊಯಿಬೆಯು ಕೆಂಖ್ರೆಯ ಸಭೆಯ ಸೇವಕಳಾಗಿದ್ದಳು. ಕರ್ತನು ಎದ್ದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳು. ಪಂಚಾಶತ್ತಮ ದಿನದಲ್ಲಿ ಪೇತ್ರನು ಯೋವೇಲನ ಪ್ರವಾದನೆಯನ್ನೆತ್ತಿ, ಆತ್ಮವು ಗಂಡಸರ ಮೇಲೂ ಹೆಂಗಸರ ಮೇಲೂ ಸುರಿಸಲ್ಪಟ್ಟಿತೆಂದು ಸಾರಿದನು.

ಪುಸ್ತಕವೇನೋ ಹೊರಟಿತು. ಆದರೆ ಬೇರೆ ಸ್ತ್ರೀಯರಿಗಾಗಿ ವಾದಿಸಿದ ಆಕೆಯು ತಾನು ಮಾತ್ರ ನಾಚಿಕೆಯಿಂದಲೂ ಭಯದಿಂದಲೂ ಸಭೆಯಲ್ಲಿ ಮೌನವಾಗಿಯೇ ಕೂತಿದ್ದರು. ವಾದದಲ್ಲಿ ಗೆಲ್ಲುವುದು ಬೇರೆ, ವಿಧೇಯರಾಗುವುದು ಬೇರೆಯಷ್ಟೆ. 1860ರ ಪಂಚಾಶತ್ತಮ ಭಾನುವಾರ ಬೆಥೆಸ್ದದಲ್ಲಿ ಸುಮಾರು ಸಾವಿರ ಜನರು ಕೂಡಿದ್ದರು. ನಾಲ್ಕು ವರುಷದ ಹಿರಿಯ ಮಗನ ಪಕ್ಕದಲ್ಲಿ ಕೂತಿದ್ದ ತಾಯಿಯ ಮನಸ್ಸಾಕ್ಷಿಯು ಚುಚ್ಚತೊಡಗಿತು. ಹುಚ್ಚಿಯಂತೆ ಕಂಡೇನೆಂಬ ಭಯವನ್ನೂ ನುಂಗಿಕೊಂಡು ಎದ್ದು ಪ್ರಸಂಗಪೀಠದ ಕಡೆಗೆ ನಡೆದರು. ಗಂಡನು ಆಕೆಗೆ ಏನಾಯಿತೋ ಎಂದು ಗಾಬರಿಯಾದರು. ತಾನು ಮಾತಾಡಬೇಕೆಂದು ಆಕೆಯು ತಿಳಿಸಲು, ಅವರು ಬದಿಗೆ ಸರಿದು ಎಡೆಕೊಟ್ಟರು. ದೇವರು ಕರೆದಾಗಲೂ ತಾನು ಅವಿಧೇಯಳಾಗಿದ್ದೆನೆಂದು ಆಕೆಯು ಎಲ್ಲರ ಮುಂದೆ ಅರಿಕೆಮಾಡಿಕೊಂಡರು, ಅನೇಕರು ಅತ್ತರು. ಅದೇ ಸಾಯಂಕಾಲ ಆಕೆಯೇ ಪ್ರಸಂಗಿಸುವರೆಂದು ಬೂತ್ ಅಯ್ಯನವರು ತಾವೇ ಪ್ರಕಟಿಸಿದರು. ಪವಿತ್ರಾತ್ಮಭರಿತರಾಗುವುದೇ ಆ ಪ್ರಸಂಗದ ವಿಷಯವಾಗಿತ್ತು.

ಅಂದಿನಿಂದ ಸುಮಾರು ಇಪ್ಪತ್ತೆಂಟು ವರುಷ ಆಕೆಯ ಬಾಯಿ ಮುಚ್ಚಲಿಲ್ಲ. ಗಂಡನು ಅಸ್ವಸ್ಥರಾದಾಗ ಅವರ ಕೆಲಸವನ್ನೂ ತಾನೇ ನಡಿಸಿದರು. ಎಂಟು ಮಕ್ಕಳನ್ನೂ ಸಾಕಿದರು. 1865ರಲ್ಲಿ ಲಂಡನ್ ಪಟ್ಟಣದ ಬಡವರ ಮಧ್ಯದಲ್ಲಿ ದಂಪತಿಗಳು ಆರಂಭಿಸಿದ ಸೇವೆಯು 1878ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ರಕ್ಷಣಾಸೈನ್ಯವಾಯಿತು. ಅದರಲ್ಲಿ ಸ್ತ್ರೀಯರಿಗೂ ಬೋಧಿಸುವ ಅಧಿಕಾರವಿತ್ತು. 1882ರಲ್ಲಿ ಬೊಂಬಾಯಿಗೆ ಬಂದ ಅದರ ಮೊದಲಿನ ನಾಲ್ವರಲ್ಲಿ ಒಬ್ಬಾಕೆಯು ಸ್ತ್ರೀಯೇ. 1934ರಲ್ಲಿ ಕ್ಯಾಥರೀನಮ್ಮನವರ ಮಗಳು ಇವಾಂಜಲೀನಳೇ ಸೈನ್ಯಕ್ಕೆಲ್ಲಾ ಮುಖ್ಯಸ್ಥಳಾದಳು.

1888ರಲ್ಲಿ ತಾಯಿಯವರಿಗೆ ಕ್ಯಾನ್ಸರ್ ವ್ರಣವುಂಟೆಂದು ವೈದ್ಯರು ಹೇಳಿದರು. ಅದೇ ವರುಷದ ಜೂನ್ 21ರಂದು ಲಂಡನಿನಲ್ಲಿ ಕಡೆಯ ಪ್ರಸಂಗ ಮಾಡಿದರು. ಬಹು ನೋವನ್ನು ತಾಳ್ಮೆಯಿಂದ ಸಹಿಸಿ, 1890ರ ಅಕ್ಟೋಬರ್ 4ರಂದು ಕರ್ತನಲ್ಲಿ ನಿದ್ರೆಹೋದರು.

ಪ್ರಿಯರೇ, ಈ ವಿಷಯದಲ್ಲಿ ಭಕ್ತರೊಳಗೆ ಇಂದಿಗೂ ಭೇದವುಂಟು. ಒಬ್ಬರನ್ನೊಬ್ಬರು ಹೀನೈಸುವುದು ಬೇಡ. ಆದರೆ ಈ ತಾಯಿಯಿಂದ ಎರಡು ಪಾಠಗಳನ್ನು ಎಲ್ಲರೂ ಕಲಿಯಬಹುದು. ಒಂದು ವಾಕ್ಯವನ್ನು ಹಿಡಿದು ಸಹೋದರಿಯ ಬಾಯನ್ನು ಮುಚ್ಚಿಸುವುದಕ್ಕೆ ಮುಂಚೆ ಪತ್ರಿಕೆಯನ್ನು ಪೂರಾ ಓದಬೇಕು. ಓದಿ ತಿಳಿದ ಮೇಲೆ, ತಿಳಿದದ್ದನ್ನು ಮೊದಲು ನಾವೇ ಕೈಕೊಳ್ಳಬೇಕು. ಓದುಬಲ್ಲ ತಾಯಂದಿರೂ ಅಕ್ಕತಂಗಿಯರೂ ನಿಮ್ಮ ಸಭೆಯಲ್ಲಿ ಇದ್ದರೆ, ಕರ್ತನು ಅವರಿಗೆ ಕೊಟ್ಟ ತಲಾಂತನ್ನು ನೆಲದಲ್ಲಿ ಹೂಣಿಡದಂತೆ ನೋಡಿಕೊಳ್ಳಿರಿ.