ಸಂಕೋಚದ ಪ್ರಶ್ನೆಗಳಿಗೆ ಉತ್ತರಿಸಿದ ಗಣಿತ ಪ್ರಾಧ್ಯಾಪಕ

ರಘುನಾಥ ಧೋಂಡೋ ಕರ್ವೆ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ, ಮಾಲ್ಥಸ್‌ನ ಜನಸಂಖ್ಯಾ ಸಿದ್ಧಾಂತದ ಪಾಠದ ನಡುವೆ. ಅದೇ ವರ್ಷ ನನ್ನ ಹಾಸ್ಟೆಲ್ ಸಹವಾಸಿಯೊಬ್ಬ ಸ್ವಪ್ನಸ್ಖಲನವನ್ನು ರೋಗವೆಂದು ಭಾವಿಸಿ, ಗೋಡೆಬರಹದ ಜಾಹೀರಾತನ್ನು ನಂಬಿ, ಊಟದ ಹಣವನ್ನೆಲ್ಲ ಯಾವುದೋ ಪುಡಿಗೆ ಸುರಿದ. ಎರಡು ತಿಂಗಳ ಅರೆಹೊಟ್ಟೆಯಿಂದ ಬಂದ ನಿಶ್ಶಕ್ತಿಯನ್ನೂ ಆತ ಆ ರೋಗದ ಲೆಕ್ಕಕ್ಕೇ ಬರೆದುಕೊಂಡ. ಪಕ್ಕದ ಮಂಚದಲ್ಲಿದ್ದ ನಾನು ಸುಮ್ಮನಿದ್ದೆ. ನನಗೂ ಏನೂ ಗೊತ್ತಿರಲಿಲ್ಲ.

ಕರ್ವೆ ಹುಟ್ಟಿದ್ದು 1882ರಲ್ಲಿ. ವಿಧವೆಯರ ಶಿಕ್ಷಣಕ್ಕಾಗಿ ದುಡಿದ ಮಹರ್ಷಿ ಧೋಂಡೋ ಕೇಶವ ಕರ್ವೆ ಅವರ ತಂದೆ. ಮುಂಬೈನ ವಿಲ್ಸನ್ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದ ಮಗ 1921ರಲ್ಲಿ ಅದೇ ನಗರದಲ್ಲಿ ಸಂತಾನ ನಿಯಂತ್ರಣ ಕೇಂದ್ರವೊಂದನ್ನು ಆರಂಭಿಸಿದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಇಂಥದೇ ಕೇಂದ್ರ ತೆರೆದದ್ದೂ ಆ ವರ್ಷವೇ. ಈ ಕಾರ್ಯಕ್ಕಾಗಿ 1925ರಲ್ಲಿ ಕರ್ವೆ ಕಾಲೇಜಿನ ಕೆಲಸವನ್ನು ಬಿಡಬೇಕಾಯಿತು. ಪತ್ನಿ ಮಾಲತಿ ಜೊತೆಗೆ ನಿಂತರು. ಮಕ್ಕಳು ಬೇಡವೆಂದು ದಂಪತಿಗಳು ತಾವೇ ನಿರ್ಧರಿಸಿಕೊಂಡಿದ್ದರು.

1927ರಲ್ಲಿ ಅವರು ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕವನ್ನು ಹೊರಡಿಸಿದರು. ಗರ್ಭನಿರೋಧ, ಗುಹ್ಯರೋಗ, ಸ್ತ್ರೀಯರ ಲೈಂಗಿಕ ಸುಖ ಇವೆಲ್ಲ ಅದರ ವಿಷಯಗಳು. ಓದುಗರ ಪತ್ರಗಳಿಗೆ ಅವರು ನೇರವಾಗಿ ಉತ್ತರಿಸುತ್ತಿದ್ದರು. ಹಸ್ತಮೈಥುನದ ಬಗ್ಗೆ ಕೇಳಿದವರನ್ನು ಪಾಪಿಗಳೆಂದು ಹೀಗಳೆಯಲಿಲ್ಲ, ತಿಳಿಯಬಯಸುವವರೆಂದು ಗೌರವಿಸಿದರು. ಅಶ್ಲೀಲತೆಯ ಆರೋಪದಡಿ ಮೊಕದ್ದಮೆಗಳು ಬಂದವು. 1934ರಲ್ಲಿ ಇಂಥ ಉತ್ತರಗಳಿಗಾಗಿಯೇ ವಿಚಾರಣೆ ಎದುರಿಸಿದಾಗ ಅವರ ಪರವಾಗಿ ವಾದಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಮೊಕದ್ದಮೆಯಲ್ಲಿ ಸೋಲಾಯಿತು, ದಂಡ ಬಿತ್ತು, ಪತ್ರಿಕೆ ನಿಲ್ಲಲಿಲ್ಲ. 1953ರಲ್ಲಿ ಕರ್ವೆ ನಿಧನರಾಗುವವರೆಗೂ ಅದು ನಡೆಯಿತು.

ಜನಸಂಖ್ಯೆಯ ಅಂಕಿಗಳ ಮೂಲಕ ಕರ್ವೆಯವರನ್ನು ಅರಿತಿದ್ದ ನನಗೆ ಅವರ ನಿಜವಾದ ಕಾಳಜಿ ತಿಳಿದದ್ದು ಬಹಳ ತಡವಾಗಿ. ತಿಳಿವಳಿಕೆಯ ಪೂರೈಕೆಯನ್ನು ತಡೆದರೆ ಬೇಡಿಕೆ ಕುಗ್ಗುವುದಿಲ್ಲ, ಕಾಳಸಂತೆ ಬೆಳೆಯುತ್ತದೆ. ನನ್ನ ಗೆಳೆಯನ ಊಟದ ಹಣ ಹೋದದ್ದು ಆ ಕಾಳಸಂತೆಗೆ.

ನಮ್ಮ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದು ಜಗತ್ತಿಗೆ ಮಾದರಿಯಾಗಿತ್ತು. ಆದರೆ 2007ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣದ ಪ್ರಸ್ತಾವ ಬಂದಾಗ ಅದನ್ನು ನಿರಾಕರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಡಳಿತದೊಳಗಿದ್ದ ನಾನು ಆಗಲೂ ಮೌನಿಯಾಗಿದ್ದೆ.

ಇಂದಿನ ಯುವಜನರ ಕೈಯಲ್ಲಿ ಮೊಬೈಲ್ ಇದೆ, ಅವರಿಗೆ ಎಲ್ಲವೂ ಗೊತ್ತು ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ನೋಡಿರುವುದು ಬೇರೆ, ತಿಳಿದಿರುವುದು ಬೇರೆ. ವೀರ್ಯನಷ್ಟದಿಂದ ದೇಹ ಕ್ಷಯಿಸುತ್ತದೆಂಬ ಭಯ ಇನ್ನೂ ಅಳಿದಿಲ್ಲ. ಗರ್ಭನಿರೋಧಕ ಗುಳಿಗೆ ಗರ್ಭವನ್ನು ತಡೆಯುತ್ತದೆಯೇ ಹೊರತು ಸೋಂಕನ್ನಲ್ಲ. ಸೋಂಕು ತಗುಲಿದವರಲ್ಲಿ ಅನೇಕರಿಗೆ ಯಾವ ಲಕ್ಷಣವೂ ಕಾಣಿಸದು. ಸಿಫಿಲಿಸ್, ಗೊನೋರಿಯಾಗಳು ಸಕಾಲದ ಚಿಕಿತ್ಸೆಯಿಂದ ಗುಣವಾಗುತ್ತವೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿಗೆ ಲಸಿಕೆಯಿದೆ. ಇಷ್ಟನ್ನು ಸ್ಪಷ್ಟವಾಗಿ ಹೇಳುವ ಹಿರಿಯರು ಎಷ್ಟು ಮನೆಗಳಲ್ಲಿದ್ದಾರೆ?

ಕರ್ವೆಯವರಿಗೆ ಪತ್ರ ಬರೆದವರಿಗೆ ಉತ್ತರಿಸುವವರು ಯಾರೆಂದು ಗೊತ್ತಿತ್ತು. ಅವರು ತಮ್ಮ ಹೆಸರಿನಲ್ಲಿ ಬರೆದರು, ಆ ಹೆಸರಿನಲ್ಲೇ ದಂಡ ತೆತ್ತರು. ನಮಗೀಗ ದಂಡದ ಭಯವಿಲ್ಲ. ಮಕ್ಕಳು ಕೇಳಿದಾಗ ಮಾತು ಬದಲಿಸದಿದ್ದರೆ ಸಾಕು.