ತುಂಗಭದ್ರೆಯ ಎರಡು ದಡಗಳ ಪಂಡಿತ ತಾರಾನಾಥ

ರಾಯಚೂರಿನ ಹಮ್‌ದರ್ದ್ ಶಾಲೆಯ ಸ್ಥಾಪಕರೆಂದು ಹೆಸರಾದ ಪಂಡಿತ ತಾರಾನಾಥರು (1891–1942) ಆಯುರ್ವೇದ ವೈದ್ಯರೂ ಆಗಿದ್ದರು. ಮಂಗಳೂರಿನಲ್ಲಿ ಜನಿಸಿದ ಅವರು ನಿಜಾಮರ ಆಳ್ವಿಕೆಯ ರಾಯಚೂರನ್ನು ಕರ್ಮಭೂಮಿಯಾಗಿಸಿಕೊಂಡರು. ಜನತೆಗೆ ಹೊಣೆಯಾದ ಚುನಾಯಿತ ಸರ್ಕಾರ ಅಲ್ಲಿರಲಿಲ್ಲ. ವೈದ್ಯರ ಅಹವಾಲು ಪ್ರಭುತ್ವದ ಮರ್ಜಿಗೆ ಬಿಟ್ಟದ್ದಾಗಿತ್ತು.

ಬಳಿಕ ಅವರು ಪ್ರೇಮಾಯತನ ಆಶ್ರಮ ಕಟ್ಟಿದ ತುಂಗಭದ್ರಾ ಗ್ರಾಮ ನದಿಯಾಚೆಯ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಲ್ಲಿ 1920ರ ಚುನಾವಣೆಯಿಂದ ಜಸ್ಟಿಸ್ ಪಕ್ಷ ಅಧಿಕಾರಕ್ಕೆ ಬಂದಿತು. ಆರೋಗ್ಯ ಖಾತೆ ಭಾರತೀಯ ಸಚಿವರ ಕೈಸೇರಿತು. ಮನ್ನಣೆಗಾಗಿ ದೇಶೀ ವೈದ್ಯರು ಮಂಡಿಸುತ್ತಿದ್ದ ಬೇಡಿಕೆಗೆ ಆಗ ಕಿವಿ ದೊರೆಯಿತು. 1921ರಲ್ಲಿ ಉಸ್ಮಾನ್ ಸಮಿತಿ ನೇಮಕವಾಯಿತು; 1923ರ ಅದರ ವರದಿಯ ತರುವಾಯ ಮದ್ರಾಸಿನಲ್ಲಿ ಸರ್ಕಾರಿ ದೇಶೀ ವೈದ್ಯ ಶಾಲೆ ತೆರೆಯಿತು.

ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜಿಗೆ ಇಂದು ತಾರಾನಾಥರದೇ ಹೆಸರು.